ಗೋಧಿ ಬಿಯರ್ ಆರಿಸುವ ಕೆಲಸ

ಮೂವತ್ತಾರನೆಯ ವಯಸ್ಸಿಗೆ ನಿವೃತ್ತನಾದೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ, ಏನೋ ಎಡವಟ್ಟು ಮಾಡಿಕೊಂಡು ಕೆಲಸ ಬಿಟ್ಟಿರಬೇಕು ಎಂದುಕೊಂಡು ಮಾತು ಬದಲಿಸುತ್ತಾರೆ. ಹೋಟೆಲ್ ಕೆಲಸಕ್ಕೆ ಈಗಷ್ಟೇ ಸೇರಿದ ಕೆಲವರು ಮಾತ್ರ ಕೂತು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೊನ್ನಾವರದವನು. ಹದಿನಾಲ್ಕು ವರ್ಷ ಒಬ್ಬರೇ ಯಜಮಾನರ ಬಳಿ ದುಡಿದೆ. ಅವರದು ಕುಮಟೆಯ ಸಮುದ್ರದ ಬದಿಗೆ ಒಂದು, ಹೊನ್ನಾವರದಲ್ಲಿ ಶರಾವತಿಯ ಅಳಿವೆಯ ಹತ್ತಿರ ಒಂದು, ಭಟ್ಕಳದಿಂದ ಸ್ವಲ್ಪ ಈಚೆಗೆ ಹೆದ್ದಾರಿಯ ಪಕ್ಕದಲ್ಲಿ ಒಂದು, ಹೀಗೆ ಮೂರು ವಸತಿಗೃಹಗಳು. ಮೂರಕ್ಕೂ ಬೇಕಾದ ಮದ್ಯವನ್ನು ಆರಿಸುವುದು, ತರಿಸುವುದು, ಕೆಡದಂತೆ ಇಡುವುದು, ಬಡಿಸುವವರಿಗೆ ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ. ಅದರಲ್ಲಿ ವರ್ಷಕ್ಕೊಮ್ಮೆ ಬರುತ್ತಿದ್ದ ದೊಡ್ಡ ತೀರ್ಮಾನವೆಂದರೆ ಜರ್ಮನಿಯ ಗೋಧಿ ಬಿಯರ್ ಯಾವುದು ಎಂಬುದು. ಆ ತೀರ್ಮಾನ ಮಾಡಲು ಬೇಕಾದ ಮೂಗು ನನ್ನಲ್ಲಿ ಉಳಿದಿದೆಯೋ ಇಲ್ಲವೋ ಎಂಬ ಪ್ರಶ್ನೆಯ ಮೇಲೆ ಕೊನೆಗೆ ನನ್ನ ಕೆಲಸ ನಿಂತಿತು.

ದಿನಚರಿ ಬರೆಯುವ ಚಟ ಹೈಸ್ಕೂಲಿನಿಂದಲೂ ಇದೆ. ಯಾವ ದಿನ ಯಾವ ಬಾಟಲಿ ತೆರೆದೆ, ಯಾರು ಅರ್ಧ ಲೋಟ ಬಿಟ್ಟು ಎದ್ದರು, ಯಾವ ಮೇಜಿನವರು ಎರಡನೆಯದು ಕೇಳಿದರು ಎಂದು ಗೀಟು ಹಾಕುತ್ತ ಬಂದವನು. ಆದರೆ ಇಲ್ಲಿ ಆ ಲೆಕ್ಕಗಳನ್ನೆಲ್ಲ ತುಂಬಿಸುವುದಿಲ್ಲ. ಬಡ್ತಿ ಯಾವಾಗ ಸಿಕ್ಕಿತು ಎಂಬುದೂ ಇಲ್ಲಿ ಬೇಡ. ಕೆಲಸ ಹೇಗಿತ್ತು ಎಂಬುದಷ್ಟೇ ಹೇಳುತ್ತೇನೆ.

ನನಗೆ ಕಲಿಸಿದವರು ಸಾವೇರ್ ಫರ್ನಾಂಡಿಸ್. ಹೊನ್ನಾವರದ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಇಪ್ಪತ್ತು ವರ್ಷ ಹಡಗುಗಳಲ್ಲಿ ಬಾರ್ ನೋಡಿಕೊಂಡು, ಜರ್ಮನಿಯ ಬಂದರುಗಳಲ್ಲಿ ಹತ್ತಿ ಇಳಿದು ಮಾಡಿ, ಮೊಣಕಾಲು ಸೋತ ಮೇಲೆ ಊರಿಗೆ ಬಂದವರು. ನಾನು ಸೇರಿದಾಗ ಅವರೇ ಬಾರಿನ ಮುಖ್ಯಸ್ಥರು. ಜೋರಾಗಿ ಬೈದದ್ದು ನೆನಪಿಲ್ಲ. ತಪ್ಪು ಮಾಡಿದರೆ, "ಅರೆ ಬಾಬಾ, ಮೇಲಿಂದ ಮಾಡು," ಎನ್ನುತ್ತಿದ್ದರು. ಮೊದಲಿಂದ ಮಾಡು ಎಂದು ಅರ್ಥ.

ಗೋಧಿ ಬಿಯರ್ ನಮ್ಮಲ್ಲಿಗೆ ಮೊದಲ ಸಲ ಬಂದಾಗ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಪೆಟ್ಟಿಗೆಗಳನ್ನು ಇಳಿಸಿಕೊಳ್ಳಲೇ ಇಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ತಳದಲ್ಲಿ ಬಿಳಿ ಗಸಿ ಕೂತಿತ್ತು. ನಮ್ಮ ಕಡೆ ಬಿಯರಿನಲ್ಲಿ ಗಸಿ ಕಂಡರೆ ಮಾಲು ಕೆಟ್ಟಿದೆ ಎಂದೇ ಅರ್ಥ. ಲಾರಿಯವನಿಗೆ ವಾಪಸ್ ಬರೆದುಕೊಟ್ಟುಬಿಟ್ಟ. ಸಾವೇರ್ ಸರ್ ಕುಂಟುತ್ತ ಓಡಿಬಂದು ಹೆದ್ದಾರಿಗೆ ಹತ್ತುತ್ತಿದ್ದ ಲಾರಿಯನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಆ ದಿನ ಎಲ್ಲರನ್ನೂ ಸುತ್ತ ನಿಲ್ಲಿಸಿ ತೋರಿಸಿದರು. ಉದ್ದ ಲೋಟವನ್ನು ತಣ್ಣೀರಿನಲ್ಲಿ ತೊಳೆದು ಒದ್ದೆಯಾಗಿಯೇ ಇಟ್ಟುಕೊಳ್ಳಬೇಕು. ಓರೆ ಹಿಡಿದು ನಿಧಾನ ಸುರಿಯಬೇಕು. ತಳದಲ್ಲಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ, ಬಾಟಲಿಯನ್ನು ತಿರುಗಿಸಿ ಗಸಿ ಎಬ್ಬಿಸಿ, ಅದನ್ನು ಮೇಲಿಂದ ಹಾಕಬೇಕು. ಗಸಿಯೆಂದರೆ ಹುದುಗು. ಬಾಳೆಹಣ್ಣಿನ ಪರಿಮಳ, ಲವಂಗದ ಪರಿಮಳ ಬರುವುದು ಆ ಹುದುಗಿನ ದೆಸೆಯಿಂದ. ಅದನ್ನು ಬಾಟಲಿಯಲ್ಲೇ ಬಿಟ್ಟರೆ ಬಂದ ಅತಿಥಿಗೆ ಅರ್ಧ ಬಿಯರ್ ಕೊಟ್ಟ ಹಾಗೆ. ಉಗ್ರಾಣದವನು ಲೋಟ ಮೂಸಿ, "ಇದು ಶೇಂದಿಯ ತಮ್ಮ," ಎಂದ. ಸಾವೇರ್ ಸರ್ ಅದನ್ನು ಒಪ್ಪಿದರು.

ಎರಡನೆಯ ವರ್ಷ ಇನ್ನೊಂದು ತೊಂದರೆ. ಮೂರೂ ವಸತಿಗೃಹಗಳನ್ನು ನಾವು ಮನೆ ಎಂದೇ ಕರೆಯುತ್ತಿದ್ದೆವು. ಹೊನ್ನಾವರದ ಮನೆಯಲ್ಲಿ ನೊರೆ ನಿಲ್ಲುತ್ತಿರಲಿಲ್ಲ. ಈ ಬಿಯರಿಗೆ ನಾಲ್ಕು ಬೆರಳು ನೊರೆ ಬೇಕು, ಲೋಟ ಮುಗಿಯುವವರೆಗೂ ಅಂಚಿಗೆ ಅಂಟಿಕೊಂಡಿರಬೇಕು. ನಮ್ಮಲ್ಲಿ ಮೇಜಿಗೆ ತಲುಪುವುದರೊಳಗೆ ಇಳಿದುಬಿಡುತ್ತಿತ್ತು. ಮಾಲು ಹಳೆಯದೆಂದು ಸರಬರಾಜುದಾರರ ಜೊತೆ ಜಗಳವಾಡಿದೆವು. ಅವರು ಬದಲಿ ಪೆಟ್ಟಿಗೆ ಕಳಿಸಿದರು. ಅದೂ ಹಾಗೇ. ಕುಮಟೆಯಲ್ಲಿ ಅದೇ ಬಿಯರಿನ ನೊರೆ ಸರಿಯಾಗಿ ನಿಲ್ಲುತ್ತಿತ್ತು. ಸಾವೇರ್ ಸರ್ ಎರಡು ದಿನ ಹೊನ್ನಾವರದ ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತರು. ಮೂರನೆಯ ದಿನ ಲೋಟ ಒರೆಸುವವನನ್ನು ಹತ್ತಿರ ಕರೆದು ಅವನ ತಲೆಯನ್ನು ಮೂಸಿದರು. ಬೆಳಿಗ್ಗೆ ಮನೆಯಿಂದ ಹೊರಡುವಾಗ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ ಬಾಚಿಕೊಳ್ಳುವುದು ನಮ್ಮ ಕರಾವಳಿಯಲ್ಲಿ ಹಲ್ಲುಜ್ಜಿದಷ್ಟೇ ಸಹಜ. ಆ ಕೈ ಬಟ್ಟೆಗೆ, ಬಟ್ಟೆ ಲೋಟಕ್ಕೆ. ಎಣ್ಣೆಯ ಜಿಡ್ಡು ಕಣ್ಣಿಗೆ ಕಾಣದಷ್ಟಿದ್ದರೂ ನೊರೆ ಸಾಯುತ್ತದೆ. ಮರುದಿನದಿಂದ ಲೋಟ ಮುಟ್ಟುವವರು ಎಣ್ಣೆ ಹಚ್ಚಬಾರದು ಎಂದು ಕಟ್ಟಳೆಯಾಯಿತು. ಅವನ ಹೆಂಡತಿ ಬಂದು, ಗಂಡನ ತಲೆ ಉರಿಯುತ್ತದೆ, ನಿದ್ದೆ ಬರುವುದಿಲ್ಲ ಎಂದು ದೂರು ಕೊಟ್ಟಳು. ಅವನನ್ನು ತರಕಾರಿ ಹೆಚ್ಚುವ ಕಡೆಗೆ ಕಳಿಸಿ ಎಣ್ಣೆ ಮರಳಿ ಕೊಟ್ಟೆವು.

ಇಂಥವನ್ನು ಮೊದಲು ಹೇಳಲು ಕಾರಣವಿದೆ. ಬಿಯರ್ ಆರಿಸುವುದೆಂದರೆ ಲೋಟ ಎತ್ತಿ ತೂಗಿ ಒಳ್ಳೆಯ ಮಾತು ಹೇಳುವುದು ಎಂದು ಹೊಸಬರು ತಿಳಿದಿರುತ್ತಾರೆ. ತೊಳೆಯುವ ಬಟ್ಟೆ, ಕಪಾಟಿನ ಬಿಸಿ, ಪಕ್ಕದ ಒಲೆಯ ಮೇಲೆ ಸೀಯುತ್ತಿರುವ ಮೀನು ಎಲ್ಲವನ್ನೂ ದಾಟಿ ಬಂದದ್ದೇ ಅತಿಥಿಯ ಬಾಯಿಗೆ ಸಿಗುವ ಬಿಯರ್.

ಆಯ್ಕೆ ನಡೆಯುತ್ತಿದ್ದದ್ದು ಮಳೆ ಕಡಿಮೆಯಾಗುವ ಹೊತ್ತಿಗೆ. ಪರದೇಶದ ಮಾಲಿಗೆ ಆಯುಷ್ಯ ಕಡಿಮೆ, ನಮ್ಮಲ್ಲಿ ತಣ್ಣನೆಯ ಜಾಗ ಇನ್ನೂ ಕಡಿಮೆ. ಹಾಗಾಗಿ ಮೂರೂ ಮನೆಗೆ ಒಂದೇ ತರಹದ್ದು, ಇಡೀ ಸೀಸನ್ನಿಗೆ ಒಂದೇ ಸಲ. ತಪ್ಪಿದರೆ ಮುಂದಿನ ಮಳೆಗಾಲದವರೆಗೂ ತಪ್ಪನ್ನೇ ಬಡಿಸುತ್ತಿರಬೇಕು. ನಮ್ಮ ಮುಂದೆ ಸಾಮಾನ್ಯವಾಗಿ ನಾಲ್ಕು ತರಹದವು ಇರುತ್ತಿದ್ದವು. ಜರ್ಮನ್ ಹೆಸರುಗಳನ್ನು ಹೇಳಲು ನಮ್ಮವರ ನಾಲಿಗೆ ಹೊರಳುತ್ತಿರಲಿಲ್ಲ. ಬಾಟಲಿಯ ಚೀಟಿಯ ಮೇಲಿನ ಚಿತ್ರ ನೋಡಿ ಕುದುರೆ, ಗೋಪುರ, ಗಂಟೆ, ನೀಲಿ ಎಂದು ಕರೆಯುತ್ತಿದ್ದೆವು. ಕೊನೆಯವರೆಗೂ ಅವೇ ಹೆಸರು ಉಳಿದವು.

ಸಾವೇರ್ ಸರ್ ಹಾಕಿಕೊಟ್ಟ ಕ್ರಮ ಹೀಗಿತ್ತು. ಸುರಿಯುವವರು ಒಳಗೆ ಸುರಿದು ಲೋಟಕ್ಕೆ ನಂಬರು ಹಚ್ಚಿ ತರಬೇಕು, ಯಾವುದು ಯಾವುದೆಂದು ರುಚಿ ನೋಡುವವರಿಗೆ ಗೊತ್ತಿರಬಾರದು. ಯಜಮಾನರು ಕೊನೆಗೆ ಮಾತಾಡಬೇಕು, ಯಾಕೆಂದರೆ ಅವರು ಮೊದಲು ಬಾಯಿ ಬಿಟ್ಟರೆ ಎಲ್ಲರ ಮೂಗೂ ಅವರ ಹಿಂದೆ ಹೋಗುತ್ತದೆ. ಮತ್ತೆ, ನಾಲ್ಕರ ಜೊತೆ ಗುಟ್ಟಾಗಿ ಐದನೆಯ ಲೋಟ ಒಂದಿರಬೇಕು. ಅದರಲ್ಲಿರುವುದು ಹಳೆಯ, ದಣಿದು ಪರಿಮಳ ಕಳೆದುಕೊಂಡ ಬಾಟಲಿಯದು. ಅದನ್ನು ಹಿಡಿಯದವನ ಅಭಿಪ್ರಾಯವನ್ನು ಆ ದಿನ ಬರೆದುಕೊಳ್ಳಬಾರದು. ಐದನೆಯದು ಇರುತ್ತದೆಂದು ನಮಗೆ ಗೊತ್ತಿದ್ದರೂ, ಎಷ್ಟನೆಯ ನಂಬರಿಗೆ ಕೂತಿದೆಯೆಂದು ಸುರಿದವರಿಗಷ್ಟೇ ಗೊತ್ತು.

ನನಗೆ ಇಷ್ಟವಾದದ್ದು ಕುದುರೆ. ಅದರಲ್ಲಿ ಲವಂಗ ಮುಂದೆ, ಬಾಳೆಹಣ್ಣು ಹಿಂದೆ. ಲೋಟ ಇನ್ನೂ ಎದೆಯ ಮಟ್ಟದಲ್ಲಿರುವಾಗಲೇ ಪರಿಮಳ ಬರುತ್ತಿತ್ತು. ಗಂಟೆ ಎಂಬುದರಲ್ಲಿ ಬಾಳೆಹಣ್ಣೇ ಹೆಚ್ಚು. ನಾನು ಅದನ್ನು ವರ್ಷವೂ ಕೊನೆಗೆ ಇಡುತ್ತಿದ್ದೆ. ಸಾವೇರ್ ಸರ್ ನೌಕರಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆಯ್ಕೆ ನನ್ನದೇ ಆಯಿತು. ಆಮೇಲೆ ವರ್ಷವೂ ಕುದುರೆಯೇ ಬಂತು. ಹೆಚ್ಚಿನ ಮೇಜಿನವರು ಎರಡನೆಯ ಲೋಟ ಕೇಳುತ್ತಿದ್ದರು. ಗೋಕರ್ಣದ ಕಡೆಯಿಂದ ಕಡಲ ದಂಡೆ ಹಿಡಿದು ನಡೆದುಕೊಂಡು ಬಂದ ಒಬ್ಬ ಜರ್ಮನ್ ಹೆಂಗಸು ಕುಮಟೆಯಲ್ಲಿ ಲೋಟ ಖಾಲಿ ಮಾಡಿ, ನನ್ನ ಕೈ ಕುಲುಕಿ, ತಮ್ಮೂರಲ್ಲೂ ಇಷ್ಟು ಶ್ರದ್ಧೆಯಿಂದ ಸುರಿಯುವುದಿಲ್ಲ ಎಂದರು. ಅದನ್ನು ಆ ದಿನದ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ.

ಆಮೇಲೆ ಕೊರೊನಾ ಜ್ವರ ಬಂತು. ನನಗೆ ಜ್ವರ ದೊಡ್ಡದಾಗಲಿಲ್ಲ. ಆದರೆ ಒಂದು ಬೆಳಿಗ್ಗೆ ಹೆಂಡತಿ ಒಲೆಯ ಮೇಲಿನ ಹಾಲು ಸೀದು ಹೋದದ್ದಕ್ಕೆ ನನ್ನ ಮೇಲೆ ರೇಗಿದಳು. ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ, ವಾಸನೆ ಬಂದಿರಲಿಲ್ಲ. ಎಲ್ಲರಿಗೂ ಹೋಗಿ ಬರುತ್ತದೆ ಎಂದರು. ಎಲ್ಲರಿಗೂ ಬಂತು, ನನಗೆ ಬರಲಿಲ್ಲ. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಮೂಗಿನೊಳಗೆ ನಳಿಗೆ ಹಾಕಿ ನೋಡಿದರು. ಬರಬಹುದು, ಬರದೇ ಇರಬಹುದು, ದಿನವೂ ನಾಲ್ಕು ಪರಿಮಳದ ಸಾಮಾನು ಮೂಸುತ್ತಿರಿ ಎಂದರು. ನಾನು ಲವಂಗ, ಲಿಂಬೆ, ಕಾಫಿಪುಡಿ, ಏಲಕ್ಕಿ ನಾಲ್ಕನ್ನೂ ಡಬ್ಬಿಯಲ್ಲಿಟ್ಟುಕೊಂಡು ಬೆಳಿಗ್ಗೆ ಸಂಜೆ ಮೂಸಿದೆ. ಎರಡು ವರ್ಷ ಒಂದು ಹೊತ್ತೂ ತಪ್ಪಿಸಲಿಲ್ಲ.

ಯಜಮಾನರಿಗೆ ಮೊದಲ ವಾರವೇ ಹೇಳಿದೆ. ನಮ್ಮ ಯಜಮಾನರು ಹೆಗಡೆಯವರು, ಸಂತೆಗುಳಿ ಕಡೆಯವರು. ಮೂರು ಕಡೆ ಬಾರ್ ನಡೆಸಿದರೂ ಒಂದು ತೊಟ್ಟು ಮುಟ್ಟಿದವರಲ್ಲ. ಹೋಟೆಲ್ಲಿಗೆ ಇಳಿಯುವ ಮೊದಲು ಸಾಂಬಾರ ಜಿನಸಿನ ವ್ಯಾಪಾರ ಮಾಡಿದವರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ಮೂಸಿ, ಇದು ಹೋದ ವರ್ಷದ್ದು, ಇದಕ್ಕೆ ಮಳೆ ತಾಗಿದೆ ಎಂದು ಹೇಳಬಲ್ಲವರು. ನಾನು ಹೇಳಿದ್ದನ್ನು ಕೇಳಿ, "ಮೂಗು ನನ್ನದು, ಬಾಯಿ ನಿನ್ನದು. ಈ ವರ್ಷ ಹಂಗೇ ನಡ್ಸನ," ಎಂದರು.

ಆ ವರ್ಷದ ಆಯ್ಕೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಹೆಗಡೆಯವರು ಬಿಳಿ ಪಂಚೆ ಮಡಚಿ ಕಟ್ಟಿಕೊಂಡು ಲೋಟವನ್ನು ಕಷಾಯ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೂಸುವುದು. "ಬಾಳೆಹಣ್ಣು ಇದ್ದು. ಹಣ್ಣಾಗಿ ತೊಟ್ಟು ಕಳಚಿದ್ದು." ಅವರ ಹವ್ಯಕ ಮಾತಿನಲ್ಲಿ ಇದ್ದು ಎಂದರೆ ಇದೆ, ಇಲ್ಲೆ ಎಂದರೆ ಇಲ್ಲ. ನಾನು ಗುಟುಕು ಹಾಕಿ, ತೂಕ ಸಾಲದು ಅಥವಾ ಹುಳಿ ಸರಿಯಿದೆ ಎಂದು ಹೇಳುವುದು. ಮುಗಿದ ಮೇಲೆ ಅವರು ಬಚ್ಚಲಿಗೆ ಹೋಗಿ ಕೈ ತೊಳೆದು, ಕುಡಿಯದೇ ಇದ್ದರೂ ಬಾಯಿ ಮುಕ್ಕಳಿಸಿ ಬರುವುದು. ಹೆಗಡೇರು ಮೂಗಲ್ಲೇ ಕುಡಿದು ಟೈಟಾಗಿದ್ದಾರೆ ಎಂದು ಅಡಿಗೆಮನೆಯಲ್ಲಿ ನಗೆಯೋ ನಗೆ. ಎರಡು ಅರ್ಧ ಮನುಷ್ಯರು ಸೇರಿ ಒಂದು ಬಿಯರ್ ಆರಿಸಿದೆವು. ಮತ್ತೆ ಕುದುರೆಯೇ ಬಂತು, ಸೀಸನ್ ಕೆಡಲಿಲ್ಲ.

ಆದರೆ ಅದು ಒಂದು ವರ್ಷಕ್ಕೆ ಮಾತ್ರ ನಡೆಯುವ ಏರ್ಪಾಡು ಎಂದು ಇಬ್ಬರಿಗೂ ತಿಳಿದಿತ್ತು. ಹೆಗಡೆಯವರು ದಿನವೂ ಬಾರಿನಲ್ಲಿ ನಿಂತು ಬಾಟಲಿ ಮೂಸುವವರಲ್ಲ. ಕೆಟ್ಟ ಬಾಟಲಿ ಅತಿಥಿಯ ಮೇಜಿಗೆ ಹೋಗುವ ಮೊದಲು ಹಿಡಿಯಬೇಕಾದವನು ನಾನು. ಮರು ವರ್ಷದ ಮಳೆಗಾಲದಲ್ಲಿ ಅವರು ನನ್ನನ್ನು ಕೂರಿಸಿಕೊಂಡು ನೇರ ಹೇಳಿದರು: ಮೂಗು ಬಂದಿದ್ದರೆ ಬಾರ್ ನಿನ್ನದೇ, ಬಾರದಿದ್ದರೆ ಆಯ್ಕೆಯನ್ನು ಬೇರೆಯವರಿಗೆ ಬಿಡಬೇಕು, ನಿನಗೆ ಆಫೀಸಿನಲ್ಲಿ ಕೆಲಸ ಕೊಡುತ್ತೇನೆ. ನಾನು, ಬರುತ್ತಿದೆ ಎಂದೆ. ಸುಳ್ಳು ಹೇಳಲಿಲ್ಲ. ಬೇಸಿಗೆಯಿಂದಲೇ ಡಬ್ಬಿ ತೆಗೆದರೆ ಲವಂಗ ಬರತೊಡಗಿತ್ತು. ಮೊದಲು ಎಳೆಯಾಗಿ, ಆಮೇಲೆ ಚೆನ್ನಾಗಿ. ಲಿಂಬೆಯೂ ಬರುತ್ತಿತ್ತು. ಹೆಂಡತಿಗೆ ಹೇಳಿದಾಗ ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಹಾಗಾದರೆ ಆಯ್ಕೆಯ ದಿನ ನೋಡೋಣ ಎಂದರು ಹೆಗಡೆಯವರು.

ಆ ಹೊತ್ತಿಗೆ ನನ್ನ ಕೈಕೆಳಗೆ ಸುಮಾ ಇದ್ದಳು. ತೆಂಗಿನಗುಂಡಿಯ ಮೀನುಗಾರರ ಮನೆಯವಳು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವಳು. ಮನೆಯಲ್ಲಿ ಹೋಟೆಲ್ ಕೆಲಸ ಎಂದಷ್ಟೇ ಹೇಳಿದ್ದಳು, ಬಾರ್ ಎಂದು ಹೇಳಿರಲಿಲ್ಲ. ಮೂರು ವರ್ಷದಲ್ಲಿ ಸುರಿಯುವುದನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ಆ ದಿನ ಒಳಗೆ ಸುರಿದು ತರುವ ಕೆಲಸ ಅವಳದು.

ಕುಮಟೆಯ ಮನೆಯ ಊಟದ ಹಾಲ್‌ನಲ್ಲಿ, ಬೆಳಿಗ್ಗೆ ಅಡಿಗೆಯ ಒಲೆ ಹೊತ್ತಿಸುವ ಮೊದಲು ಕೂತೆವು. ಕಿಟಕಿಯಾಚೆ ಮಳೆ ಬಿಟ್ಟಿತ್ತು, ಸಮುದ್ರ ಇನ್ನೂ ಹೊಳೆಯ ಕೆಮ್ಮಣ್ಣಿನಿಂದ ಕೆಂಪಾಗಿತ್ತು. ಸುಮಾ ಐದು ಲೋಟ ತಂದು ಸಾಲಾಗಿ ಇಟ್ಟು ಹಿಂದೆ ಸರಿದು ನಿಂತಳು. ಐದಕ್ಕೂ ನೊರೆ ಒಂದೇ ಎತ್ತರ. ಹೆಗಡೆಯವರು ಒಂದೊಂದಾಗಿ ಮೂಸಿ, ಏನೂ ಹೇಳದೆ ನನ್ನ ಕಡೆ ತಳ್ಳಿದರು.

ಒಂದನೆಯದರಲ್ಲಿ ನನಗೆ ಬಾಳೆಹಣ್ಣು ಬಂತು. ಎರಡನೆಯದರಲ್ಲಿ ಏನೂ ಇಲ್ಲ ಅನ್ನಿಸಿತು. ಇದೇ ಹಳೆಯ ಬಾಟಲಿಯದು ಎಂದುಕೊಂಡೆ. ಮೂರನೆಯದನ್ನು ಎತ್ತಿದೆ. ಬಾಯಿಗೆ ಸ್ವಲ್ಪ ಸಿಹಿಯಾಗಿ, ದಪ್ಪವಾಗಿ ಬಂತು, ಅದರ ಹಿಂದೆಯೇ ಲವಂಗ. ನಿಚ್ಚಳವಾದ, ಹಿಂದಿನಂಥದೇ ಲವಂಗ. ನನ್ನ ಕಣ್ಣು ಒದ್ದೆಯಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಲೋಟದಿಂದ ಅದು ಬಂದಿತ್ತು. ಉಳಿದ ಎರಡನ್ನೂ ಮುಗಿಸಿ ಲೋಟ ಕೆಳಗಿಟ್ಟೆ.

"ಮೂರನೆಯದು ಕುದುರೆ," ಎಂದೆ. "ಲವಂಗ ಚೆನ್ನಾಗಿ ಬರ್ತಾ ಇದೆ ಹೆಗಡೇರೆ. ಹೋದ ವರ್ಷದ್ದಕ್ಕಿಂತ ಒಳ್ಳೆ ಮಾಲು."

ಹೆಗಡೆಯವರು ಮೂರನೆಯ ಲೋಟವನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಬಹಳ ಹೊತ್ತು ಮೂಸಿದರು. ಲೋಟ ಇಟ್ಟು, ಮತ್ತೆ ಎತ್ತಿ ಮೂಸಿದರು.

"ರಾಘು, ಇದ್ರಲ್ಲಿ ಲವಂಗ ಇಲ್ಲೆ."

"ಇನ್ನೊಂದ್ಸಲ ನೋಡಿ."

"ನೋಡ್ದೆ ಮಾರಾಯಾ. ಒದ್ದೆ ರಟ್ಟಿನ ವಾಸನೆ ಇದ್ದು. ಚೂರು ಬೆಲ್ಲದ್ದು ಇದ್ದು. ಲವಂಗ ಇಲ್ಲೆ."

ನಾನು ಸುಮಾಳ ಕಡೆ ನೋಡಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತಿದ್ದಳು. ಮೂರನೆಯದು ಎಂತದು ಎಂದು ಕೇಳಿದೆ.

"ಭಟ್ಕಳದ ಉಗ್ರಾಣದಲ್ಲಿ ಉಳ್ದಿತ್ತಲ್ಲ ರಾಘಣ್ಣ, ಹೋದ ವರ್ಷ ರುಚಿ ನೋಡೂಕೆ ತರ್ಸಿದ ಗೋಪುರದ ಬಾಟ್ಲಿ. ಬೇಸ್ಗೆ ಪೂರ್ತಿ ಹೊರಗೇ ಇತ್ತು," ಎಂದಳು. "ನೀವೇ ಕಲ್ಸಿದ್ದಲ್ಲ, ಒಂದು ಹಳೇದು ಇಡ್ಬೇಕು ಅಂತ."

ನಾನು ಎರಡನೆಯ ಲೋಟ ಯಾವುದೆಂದು ಕೇಳಿದೆ. ನನಗೆ ಏನೂ ಇಲ್ಲ ಅನ್ನಿಸಿದ್ದು. "ಕುದುರೆ," ಎಂದಳು.

ನಾನು ಎರಡನೆಯ ಲೋಟವನ್ನು ಎತ್ತಿ ಮತ್ತೆ ಮೂಸಿದೆ. ಕುದುರೆಯೆಂದು ಗೊತ್ತಾದ ಮೇಲೆ ಅದರಲ್ಲಿ ಲವಂಗ ಬಂತು. ಮೂರನೆಯದನ್ನು ಮೂಸಿದೆ, ಹಳೆಯದೆಂದು ಗೊತ್ತಾದ ಮೇಲೆ ಅದರಲ್ಲಿ ಏನೂ ಬರಲಿಲ್ಲ. ಹೆಗಡೆಯವರ ಪಕ್ಕ ಕುಡಿಯುವ ನೀರಿನ ಲೋಟವಿತ್ತು. ಅದನ್ನು ತೆಗೆದುಕೊಂಡೆ. ಕಣ್ಣು ಮುಚ್ಚಿ, ಇದು ಕುದುರೆ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಮೂಸಿದೆ. ನೀರಿನಲ್ಲೂ ಲವಂಗ ಬಂತು.

ಬೇಸಿಗೆಯಿಂದ ನನಗೆ ಬರುತ್ತಿದ್ದದ್ದು ಡಬ್ಬಿಯ ಪರಿಮಳವಲ್ಲ ಎಂದು ಆಗ ತಿಳಿಯಿತು. ಡಬ್ಬಿಯ ಮೇಲೆ ನಾನೇ ಹೆಸರು ಬರೆದಿದ್ದೆ. ಹೆಸರು ಓದಿ ಮುಚ್ಚಳ ತೆಗೆಯುತ್ತಿದ್ದೆ. ಹನ್ನೆರಡು ವರ್ಷ ಶ್ರದ್ಧೆಯಿಂದ ಮೂಸಿದ್ದನ್ನು ತಲೆ ನೆನಪಿಟ್ಟುಕೊಂಡು, ಕೇಳಿದಾಗ ಕೇಳಿದ್ದನ್ನು ಎತ್ತಿ ಕೊಡುತ್ತಿತ್ತು. ಮೂಗು ಬಂದಿರಲೇ ಇಲ್ಲ.

ಹೆಗಡೆಯವರಿಗೆ ನೀರಿನ ವಿಷಯ ಹೇಳಿದೆ. ಅವರು ಲೋಟ ಇಸಿದುಕೊಂಡು ತಾವೂ ಮೂಸಿ, ಕೆಳಗಿಟ್ಟರು. ಇನ್ನೊಂದು ವರ್ಷ ನೋಡಬಹುದಲ್ಲ, ತಾನು ಜೊತೆಗಿರುತ್ತೇನೆ, ಅವಸರವೇನೂ ಇಲ್ಲ ಎಂದರು. ಅವರು ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಿಬಿಡಬಹುದಿತ್ತು. ಏನೂ ಬರದವನಿಗೆ ಏನೂ ಬರುವುದಿಲ್ಲವೆಂದು ಗೊತ್ತಿರುತ್ತದೆ, ಅವನು ಬೇರೆಯವರನ್ನು ಕೇಳುತ್ತಾನೆ. ಹಿಂದಿನ ವರ್ಷ ನಾನು ಹಾಗೆ ಇದ್ದೆ, ಅದಕ್ಕೇ ಸೀಸನ್ ಕೆಡಲಿಲ್ಲ. ಈಗ ನನಗೆ ಬೇಕೆಂದಾಗ ಬೇಕಾದದ್ದು ಬರುತ್ತಿತ್ತು. ಒಪ್ಪಿದ್ದರೆ ನಾಳೆ ಕೆಟ್ಟ ಬಾಟಲಿ ತೆರೆದು, ಲವಂಗ ಚೆನ್ನಾಗಿದೆ ಎಂದು ಹೇಳಿ ಅತಿಥಿಯ ಮೇಜಿಗೆ ಕಳಿಸುತ್ತಿದ್ದೆ.

"ಹಂಗಾರೆ ಈ ವರ್ಷ ಯಾವುದು ತರ್ಸನ?" ಎಂದು ಕೊನೆಗೆ ಕೇಳಿದರು.

"ಸುಮಾನ ಕೇಳಿ."

ಸುಮಾ ಬೆಚ್ಚಿದಳು. "ನಂಗಾ? ನಾ ಹೇಳೂದಾ?" ಎಂದಳು. "ಬಿಯರ್ ಆರ್ಸಿದ್ದು ನಾನು ಅಂತ ತೆಂಗಿನಗುಂಡಿಗೆ ಗೊತ್ತಾದ್ರೆ ಅಪ್ಪ ದೋಣಿ ಹಗ್ಗದಲ್ಲೇ ಕಟ್ಟಿ ಹಾಕ್ತ."

ನಾನು ಕುರ್ಚಿಯಿಂದ ಎದ್ದೆ, ಅವಳನ್ನು ಕೂರಿಸಿದೆ. ಸುರಿದವಳಿಗೆ ಯಾವುದು ಯಾವುದೆಂದು ಗೊತ್ತಿತ್ತು. ಆದ್ದರಿಂದ ಲೋಟಗಳನ್ನು ಒಳಗೆ ಒಯ್ದು ತೊಳೆದು, ಹೊಸ ಬಾಟಲಿಗಳ ಜೊತೆ ಹಳೆಯದೂ ಒಂದನ್ನು ತೆರೆದು ನಾನೇ ಮೇಲಿಂದ ಸುರಿದು ತಂದೆ. ಹದಿನಾಲ್ಕು ವರ್ಷದಲ್ಲಿ ಆಯ್ಕೆಯ ದಿನ ನಾನು ತಟ್ಟೆ ಹಿಡಿದು ನಿಂತದ್ದು ಸಾವೇರ್ ಸರ್ ಇದ್ದಾಗ, ಮತ್ತೆ ಆ ದಿನ. ಅವಳು ಗುಟುಕು ಹಾಕಿ, ಬಾಯೊಳಗೆ ತಿರುಗಿಸಿ, ಪಕ್ಕದ ಬಟ್ಟಲಿಗೆ ಉಗಿದಳು. ಹಳೆಯ ಬಾಟಲಿಯ ಲೋಟವನ್ನು ಬಾಯಿಗೂ ಇಡಲಿಲ್ಲ, ಮೂಸಿಯೇ ಪಕ್ಕಕ್ಕೆ ಸರಿಸಿದಳು. ಕುದುರೆಯನ್ನು ಎರಡು ಸಲ ನೋಡಿದಳು. ಕೊನೆಗೆ ಮುಂದೆ ತಳ್ಳಿದ್ದು ಗಂಟೆಯನ್ನು, ನಾನು ವರ್ಷವೂ ಕೊನೆಗೆ ಇಟ್ಟದ್ದನ್ನು.

ನಾನು ಯಾಕೆ ಎಂದು ಕೇಳಿದೆ. ಸ್ವರ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು. ಅವಳು ಹೆದರಲಿಲ್ಲ. ನಮ್ಮಲ್ಲಿ ಬಂದವರು ಬರೀ ಬಿಯರ್ ಕುಡಿಯುವುದಿಲ್ಲ, ಮೀನು ತಿನ್ನುತ್ತಾರೆ ಎಂದಳು. "ನಮ್ಮ ಮಸಾಲೆಲಿ ಮೊದಲೇ ಖಾರ ಉಂಟು. ಲವಂಗ ಬಂದು ಅದ್ರ ಸಂಗ್ತಿ ಜಗಳ ಆಡ್ತದೆ. ಇದು ಸುಮ್ನೆ ಕೂತ್ಕಂತದೆ." ಅದನ್ನು ಅಲ್ಲಗಳೆಯಲು ನನ್ನ ಬಳಿ ವಾದಗಳಿದ್ದವು, ಮೂಗಿರಲಿಲ್ಲ. ಹೆಗಡೆಯವರು ಗಂಟೆಯ ಲೋಟ ಮೂಸಿ ತಲೆ ಆಡಿಸಿ, "ಆತು," ಎಂದರು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಮೂರೂ ಮನೆಗೆ ಗಂಟೆಯೇ ಬಂತು.

ಆ ಸೀಸನ್ ಪೂರ್ತಿ ನಾನು ಇದ್ದೆ. ಕೈಗೆ ಗೊತ್ತಿದ್ದನ್ನೆಲ್ಲ ಅವಳಿಗೆ ದಾಟಿಸಿದೆ. ಮೇಜಿಗೆ ಹೋಗುವ ಪ್ರತಿ ಬಾಟಲಿಯನ್ನೂ ಅವಳೋ ಅವಳು ತಯಾರು ಮಾಡಿದವರೋ ಮೂಸಿಯೇ ಕಳಿಸಿದರು. ಆ ವರ್ಷ ಎರಡನೆಯ ಲೋಟ ಕೇಳಿದವರು ಹಿಂದಿನ ವರ್ಷಗಳಿಗಿಂತ ಕಡಿಮೆಯೇನೂ ಇರಲಿಲ್ಲ, ಭಟ್ಕಳದ ಮನೆಯಲ್ಲಿ ಸ್ವಲ್ಪ ಹೆಚ್ಚೇ. ಅದನ್ನೂ ಬರೆದಿಟ್ಟೆ. ಆಫೀಸಿನ ಕುರ್ಚಿ ಬೇಡವೆಂದೆ. ಅಲ್ಲಿಗೆ ಹೋಗಬೇಕಾದರೆ ದಿನವೂ ಬಾರಿನ ಮುಂದೆಯೇ ಹಾದು ಹೋಗಬೇಕು. ಮಳೆ ಹಿಡಿಯುವ ಮೊದಲು ಬೀಗದ ಕೈಗಳನ್ನು ಒಪ್ಪಿಸಿದೆ. ಈಗ ಹೊನ್ನಾವರದಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತೇನೆ. ಅಲ್ಲಿ ಮಾಲು ಕೆಡುವುದಿಲ್ಲ.

ಹೊಸಬರಿಗೆ ಒಂದು ಮಾತು. ಈಗ ಈ ಕೆಲಸ ಬಹಳ ಬದಲಾಗಿದೆ. ಬಾಟಲಿಯ ಹುಟ್ಟಿದ ದಿನವನ್ನು ಫೋನು ಓದಿ ಹೇಳುತ್ತದೆ. ಬೆಂಗಳೂರಿನಲ್ಲೇ ಗೋಧಿ ಬಿಯರ್ ಕಾಯಿಸಿ ತಣ್ಣನೆಯ ಗಾಡಿಯಲ್ಲಿ ಕಳಿಸುವವರಿದ್ದಾರೆ. ಯಾವುದು ಒಳ್ಳೆಯದೆಂದು ಸಾವಿರ ಜನ ನಕ್ಷತ್ರ ಹಾಕಿರುತ್ತಾರೆ. ಅದೆಲ್ಲ ಉಪಯೋಗದ್ದೇ, ಬಳಸಿ. ಆದರೆ ವರ್ಷಕ್ಕೊಮ್ಮೆ ನಿಮ್ಮ ಮುಂದೆ ಹಳೆಯ ಬಾಟಲಿಯ ಲೋಟವನ್ನು ಗುಟ್ಟಾಗಿ ಇಡುವಂಥವರೊಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ. ಅವರು ನಿಮಗೆ ಹೆದರಬಾರದು. ಸುಮಾ ಹೆದರಿ ಆ ದಿನ ನಾಲ್ಕೇ ಲೋಟ ತಂದಿದ್ದರೆ ನಾನು ಇನ್ನೂ ಅಲ್ಲೇ ಇರುತ್ತಿದ್ದೆ.

ಈ ಸಲ ಮಳೆ ಮುಗಿದ ಮೇಲೆ ಅಂಗಡಿಯ ಕೆಲಸಕ್ಕೆ ಕುಮಟೆಗೆ ಹೋದವನು ಸಮುದ್ರದ ಬದಿಯ ಮನೆಗೂ ಹೋದೆ. ಮೊದಲ ಸಲ ಅತಿಥಿಯ ಹಾಗೆ ಮೇಜಿಗೆ ಕೂತೆ. ಮಧ್ಯಾಹ್ನದ ಹೊತ್ತು, ಬೇರೆ ಯಾರೂ ಇರಲಿಲ್ಲ. ಸುಮಾ ಕೇಳದೆಯೇ ಗಂಟೆಯ ಬಾಟಲಿ ತಂದಳು. ಒದ್ದೆ ಲೋಟ ಓರೆ ಹಿಡಿದು ಸುರಿದು, ಗಸಿ ಎಬ್ಬಿಸಿ ಹಾಕಿ, ಮುಂದಿಟ್ಟಳು. ನೊರೆ ನಿಂತಿತು.

ನಾನು ಲೋಟವನ್ನು ಅವಳ ಕಡೆ ತಿರುಗಿಸಿ, "ಎಂತ ಬತ್ತದೆ ಹೇಳು," ಎಂದೆ.

ಅವಳು ಬಗ್ಗಿ ಮೂಸಿದಳು. "ಬಾಳೆಗೊನೆನ ಗೋಣಿಲಿ ಸುತ್ತಿ ಹಣ್ಣಿಗೆ ಇಡ್ತ್ರಲ್ಲ ರಾಘಣ್ಣ. ಬಿಚ್ಚಿದ ಕೂಡ್ಲೆ ಮೊದಲು ಬತ್ತದಲ್ಲ, ಅದು. ಅದ್ರ ಹಿಂದೆ ಚೂರು ಹಸಿ ಹಿಟ್ಟಿಂದು."

"ಲವಂಗ?"

ಅವಳು ಇನ್ನೊಮ್ಮೆ ಮೂಸಿದಳು. "ಇಲ್ಲ," ಎಂದಳು.

ನಾನು ಕುಡಿದೆ. ತಣ್ಣಗೆ, ನಾಲಿಗೆಗೆ ಸಣ್ಣದಾಗಿ ಚುಚ್ಚಿ, ಗೋಧಿಯ ಮೆತ್ತನೆ, ಕೊನೆಗೆ ಒಂದಿಷ್ಟು ಹುಳಿ. ಲವಂಗ ನನಗೂ ಬರಲಿಲ್ಲ.